ಓಡೋ ಎತ್ತಿಗೆ ಬಾರಕೋಲು

ಯುಗಾದಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಇಂಡಿ, ಲಿಂಬೆಹಣ್ಣಿನ ಇಂಡಿ. ಅವ್ವ ಅಟ್ಟ ಸ್ವಚ್ಛ ಮಾಡಿಸ್ತಾ ಇದ್ಲು. ತಾಮ್ರದ ಹಂಡೆ, ಕಾಲು ಮುರಿದ ತೊಟ್ಟಿಲು, ನನ್ನ ಎಂಜಿನಿಯರಿಂಗ್ ಕಾಲದ ಡ್ರಾಯಿಂಗ್ ಬೋರ್ಡು, ಇವೆಲ್ಲದರ ಹಿಂದೆ ಗೋಣಿಚೀಲ ಸುತ್ತಿದ ಒಂದು ಕಂಪ್ಯೂಟರ್ ಡಬ್ಬಿ. ಸಿಂದಗಿಯ ಮಾಮಾನ ಡಿಟಿಪಿ ಅಂಗಡಿಯದು. ಅಂಗಡಿ ಮುಚ್ಚಿದಾಗ ಅದ್ಯಾಕೋ ನಮ್ಮ ಮನೆಗೆ ಬಂದು ಕೂತಿತ್ತು.

"ಇದನ್ನ ಗುಜರಿಯವಂಗ ಕೊಟ್ಟಬಿಡಲೇನು?" ಅಂದ್ಲು ಅವ್ವ.

ತಡಿ ಅಂತ ಹೇಳಿ ಸ್ಕ್ರೂಡ್ರೈವರ್ ತಗೊಂಡು ಪಕ್ಕದ ತಗಡು ಬಿಚ್ಚಿದೆ. ಒಳಗೆ ಎರೆಮಣ್ಣಿನ ಧೂಳು, ಒಂದು ಹಲ್ಲಿ ಮೊಟ್ಟೆ, ಮತ್ತೆ ತಗಡಿನ ಒಳಮೈಯಲ್ಲಿ ಪೆನ್ಸಿಲ್ಲಿನಲ್ಲಿ ನನ್ನದೇ ಅಕ್ಷರ:

66 – 300
75 – 337
83 – 375 ಓಕೆ
100 – ಬೂಟ್ ಇಲ್ಲ

ಇದನ್ನ ಬರೆದದ್ದು 2001ರ ಏಪ್ರಿಲ್‌ನಲ್ಲಿ. ನಾಲ್ಕು ಸಾಲಿನಲ್ಲಿ ಮೂರು ನಿಜ. ಆ "ಓಕೆ" ಮಾತ್ರ ಸುಳ್ಳು. ಇಷ್ಟು ವರ್ಷ ಯಾರಿಗೂ ಹೇಳದೇ ಇದ್ದದ್ದನ್ನ ಇವತ್ತು ಇಲ್ಲಿ ಕಕ್ಕಿಬಿಡೋಣ ಅಂತ ಕೂತಿದ್ದೇನೆ. ಜೊತೆಗೆ ಒಂದಿಷ್ಟು ಇತಿಹಾಸಾನೂ ಹೇಳ್ತೀನಿ, ಯಾಕಂದ್ರೆ ನಾನು ಮಾಡಿದ ತಪ್ಪನ್ನ ನನಗಿಂತ ದೊಡ್ಡವರೂ ಮಾಡಿದಾರೆ ಅನ್ನೋದು ನನಗೆ ಸ್ವಲ್ಪ ಸಮಾಧಾನ ಕೊಡುತ್ತೆ :-)

ಮೊದಲು ವಿಷಯ ಏನು ಅಂತ ನೋಡೋಣ. ಪ್ರೊಸೆಸರು ಗಡಿಯಾರದ ಬಡಿತಕ್ಕೆ ತಕ್ಕಂತೆ ಕೆಲಸ ಮಾಡುತ್ತೆ. 300 ಮೆಗಾಹರ್ಟ್ಸ್ ಅಂದ್ರೆ ಸೆಕೆಂಡಿಗೆ 30 ಕೋಟಿ ಬಡಿತ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಸಿಗೋದು ಸುಮಾರು 3.3 ನ್ಯಾನೋಸೆಕೆಂಡು. ಅಷ್ಟರಲ್ಲಿ ಒಳಗಿನ ಸಂಕೇತಗಳು ಸಾಲುಸಾಲು ಟ್ರಾನ್ಸಿಸ್ಟರುಗಳನ್ನ ದಾಟಿ ತಮ್ಮ ತಮ್ಮ ಜಾಗ ಮುಟ್ಟಿ ನಿಂತಿರಬೇಕು. ಅದೇ ಪ್ರೊಸೆಸರನ್ನ 450ಕ್ಕೆ ಓಡಿಸಿದ್ರೆ ಸಿಗೋ ಸಮಯ 2.2 ನ್ಯಾನೋಸೆಕೆಂಡು. ಎಲ್ಲ ಸಂಕೇತಗಳೂ ಮುಟ್ಟಿದ್ರೆ ಪುಕ್ಕಟೆ ಲಾಭ. ಒಂದು ಮುಟ್ಟದೇ ಹೋದ್ರೆ? ಪ್ರೊಸೆಸರು ಕಾಯೋದಿಲ್ಲ. ಆ ಕ್ಷಣಕ್ಕೆ ಅಲ್ಲಿ ಏನಿದೆಯೋ ಅದನ್ನೇ ಉತ್ತರ ಅಂತ ತಗೊಂಡು ಮುಂದೆ ಹೋಗುತ್ತೆ.

ನಮ್ಮ ಕಡೆ ಹಿಟ್ಟಿನ ಗಿರಣಿ ನೋಡಿದವರಿಗೆ ಇದು ಬೇಗ ತಿಳಿಯುತ್ತೆ. ಸರದಿ ಉದ್ದ ಇದೆ ಅಂತ ಗಿರಣಿಯವ ಕಲ್ಲು ಬಿಗಿ ಮಾಡಿ ಜೋರಾಗಿ ಬೀಸಿದ್ರೆ ಜೋಳದ ಹಿಟ್ಟು ಬೇಗ ಬರುತ್ತೆ, ನೋಡೋಕೂ ನುಣ್ಣಗೇ ಇರುತ್ತೆ. ಮನೆಗೆ ಹೋಗಿ ರೊಟ್ಟಿ ಬಡಿಯೋಕೆ ಕೂತಾಗಲೇ ಗೊತ್ತಾಗೋದು, ಹಿಟ್ಟು ಸುಟ್ಟು ಜಿಗಿ ಹೋಗಿದೆ ಅಂತ. ಗಿರಣಿಯಲ್ಲಿ ಯಾವ ಗಂಟೆಯೂ ಹೊಡೆಯೋದಿಲ್ಲ.

ಹಾಗಾದ್ರೆ ಕಂಪನಿಯವರು ಬರೆದದ್ದಕ್ಕಿಂತ ಜೋರಾಗಿ ಚಿಪ್ಪು ಓಡೋದಾದ್ರೂ ಹೇಗೆ? ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳನ್ನ ಪರೀಕ್ಷೆ ಮಾಡಿ, ಯಾವುದು ಎಷ್ಟು ವೇಗ ತಡಕೊಳ್ಳುತ್ತೆ ನೋಡಿ ಬೇರೆ ಬೇರೆ ಬುಟ್ಟಿಗೆ ಹಾಕ್ತಾರೆ, ಲಿಂಬೆಹಣ್ಣು ಆರಿಸಿದ ಹಾಗೆ. ಬಿಸಿ ಜಾಸ್ತಿ ಇದ್ದಾಗ, ವೋಲ್ಟೇಜು ಕಮ್ಮಿ ಆದಾಗ, ಚಿಪ್ಪಿಗೆ ವಯಸ್ಸಾದಾಗ ಕೂಡ ಲೆಕ್ಕ ತಪ್ಪಬಾರದು ಅಂತ ಒಂದಿಷ್ಟು ಮಿಗತೆ ಬಿಟ್ಟು ವೇಗ ಬರೀತಾರೆ. ಓವರ್‌ಕ್ಲಾಕ್ ಮಾಡೋರು ತಿನ್ನೋದು ಆ ಮಿಗತೆಯನ್ನ. ಆದ್ರೆ ಅದನ್ನ ಇಟ್ಟಿರೋದೇ ಸಿಂದಗಿಯ ಏಪ್ರಿಲ್ ಮಧ್ಯಾಹ್ನದಂಥ ಹೊತ್ತಿಗೆ ಅಂತ ನನಗೆ ಆವಾಗ ಹೊಳೆದಿರಲಿಲ್ಲ.

ಈ ಚಟ ಹಳೇದು. 1984ರಲ್ಲಿ ಐಬಿಎಂನ ಪಿಸಿ ಏಟಿ ಬಂದಾಗ ಅದರ ವೇಗ 6 ಮೆಗಾಹರ್ಟ್ಸ್. ಅದರ ಬಡಿತ ಹುಟ್ಟೋದು ಬೋರ್ಡಿನ ಮೇಲಿದ್ದ 12 ಮೆಗಾಹರ್ಟ್ಸಿನ ಒಂದು ಸಣ್ಣ ಹರಳಿನಿಂದ. ಕೆಲವರು ಆ ಹರಳು ಕಿತ್ತು 16ರದ್ದು ಹಾಕಿದ್ರು, ಯಂತ್ರ 8ಕ್ಕೆ ಓಡಿತು. ಐಬಿಎಂನವರು ಸುಮ್ಮನೆ ಇರಲಿಲ್ಲ, ಆಮೇಲಿನ ಬಯಾಸಿನಲ್ಲಿ ವೇಗ ಅಳೆದು ಜಾಸ್ತಿ ಇದ್ರೆ ಶುರುವೇ ಆಗದ ಹಾಗೆ ಮಾಡಿದ್ರು. ಆಮೇಲೆ 1986ರಲ್ಲಿ ತಾವೇ 8 ಮೆಗಾಹರ್ಟ್ಸಿನ ಏಟಿ ಮಾರಿದ್ರು!

ತೊಂಬತ್ತರ ದಶಕದಲ್ಲಿ ಇದು ಮೋಸಗಾರರ ಕೈಗೂ ಹೋಯ್ತು. ಕಮ್ಮಿ ವೇಗದ ಪೆಂಟಿಯಮ್ಮಿನ ಮೇಲಿನ ಅಕ್ಷರ ಉಜ್ಜಿ ತೆಗೆದು, ಜಾಸ್ತಿ ವೇಗ ಅಚ್ಚು ಹಾಕಿ ಮಾರೋದು. ಕೊಂಡವನಿಗೆ ತಾನು ಓವರ್‌ಕ್ಲಾಕ್ ಮಾಡಿದ ಯಂತ್ರ ಕೊಂಡಿದ್ದೇನೆ ಅಂತಲೇ ಗೊತ್ತಿರ್ತಿರಲಿಲ್ಲ. ಇಂಟೆಲ್ ಕಂಪನಿ ಚಿಪ್ಪಿನೊಳಗಿನ ಗುಣಕಕ್ಕೆ ಬೀಗ ಹಾಕೋಕೆ ಇದೂ ಒಂದು ಕಾರಣ. (ಗುಣಕ ಅಂದ್ರೆ: ಬೋರ್ಡಿನ ಬಡಿತವನ್ನ ಎಷ್ಟರಿಂದ ಗುಣಿಸಿದ್ರೆ ಪ್ರೊಸೆಸರಿನ ವೇಗ ಬರುತ್ತೆ ಅನ್ನೋ ಸಂಖ್ಯೆ.) ಬೀಗ ಬಿದ್ದ ಮೇಲೆ ಉಳಿದ ದಾರಿ ಒಂದೇ, ಬೋರ್ಡಿನ ಬಡಿತವನ್ನೇ ಏರಿಸೋದು. ನನ್ನ ಕಥೆಯ ಎಡವಟ್ಟು ಇರೋದು ಇಲ್ಲೇ.

1998ರ ಆಗಸ್ಟ್‌ನಲ್ಲಿ ಸೆಲೆರಾನ್ 300ಎ ಅನ್ನೋ ಚಿಪ್ಪು ಬಂತು. 149 ಡಾಲರಿನ ಬಡವರ ಪ್ರೊಸೆಸರು. ಒಳಗೆ ಸುಮಾರು 1.9 ಕೋಟಿ ಟ್ರಾನ್ಸಿಸ್ಟರು, 128 ಕೆಬಿ ಕ್ಯಾಷ್, ಆ ಕ್ಯಾಷೂ ಪ್ರೊಸೆಸರಿನ ಪೂರ್ತಿ ವೇಗದಲ್ಲೇ ಓಡೋದು. ಗುಣಕ 4.5ಕ್ಕೆ ಬೀಗ. ಬೋರ್ಡಿನ ಬಡಿತ 66, ಹಾಗಾಗಿ 300. ಬೋರ್ಡನ್ನ 100ಕ್ಕೆ ಏರಿಸಿದ್ರೆ 450! ತುಂಬಾ ಜನರ ಚಿಪ್ಪು ಹಾಗೇ ಓಡಿಬಿಡ್ತು. ಅದೇ ತಿಂಗಳು ಬಂದ 450 ಮೆಗಾಹರ್ಟ್ಸಿನ ಪೆಂಟಿಯಮ್ ಟೂಗೆ ನಾಲ್ಕು ಪಟ್ಟಿಗೂ ಮಿಕ್ಕಿ ಬೆಲೆ ಇತ್ತು. ಜಗತ್ತಿನ ಎಲ್ಲ ಹುಡುಗರಿಗೂ ಹುಚ್ಚು ಹಿಡೀತು. ಆ ಹುಚ್ಚು ಇಂಗ್ಲಿಷ್ ಕಂಪ್ಯೂಟರ್ ಮಾಸಪತ್ರಿಕೆಗಳ ಮೂಲಕ ವಿಜಾಪುರದ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಗೆ ಬಂದು, ಅಲ್ಲಿಂದ ನನ್ನ ತಲೆಗೆ ಏರೋಕೆ ಎರಡೂವರೆ ವರ್ಷ ಬೇಕಾಯ್ತು, ಅಷ್ಟೇ.

ಮಾಮಾನ ಅಂಗಡಿಯಲ್ಲಿದ್ದದ್ದು ಅದೇ ಚಿಪ್ಪು. 1999ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದು ಜೋಡಿಸಿದ್ದು. 32 ಎಂಬಿ ರ‍್ಯಾಮು. ಸಿಂದಗಿ ಬಸ್ ಸ್ಟ್ಯಾಂಡಿನ ಹತ್ತಿರ ಪತ್ರಾಸಿನ ಮಾಡಿನ ಅಂಗಡಿ. ಲಗ್ನದ ಕಾರ್ಡು, ಹ್ಯಾಂಡ್‌ಬಿಲ್ಲು, ಜಾತ್ರೆಯ ಪಾಂಪ್ಲೆಟ್ಟು. ಬ್ಯಾಸಗಿ ಬಂದ್ರೆ ಲಗ್ನ ಸರಾಯಿ, ಊಟಕ್ಕೂ ಬಿಡುವಿಲ್ಲ. ಒಂದು ಪುಟ ಪ್ರಿಂಟಿಗೆ ಕಳಿಸಿದ್ರೆ ಎದ್ದು ಹೋಗಿ ಚಹಾ ಕುಡಿದು ಬರಬಹುದು, ಅಷ್ಟು ನಿಧಾನ. ನಾನು ಆಗ ಮೂರನೇ ವರ್ಷದ ಎಂಜಿನಿಯರಿಂಗ್. ಪರೀಕ್ಷೆ ಮುಗಿಸಿ ಅಲ್ಲಿ ಕೈಯಾಳು.

ಒಂದು ಶನಿವಾರ ರಾತ್ರಿ ಆ ಡಬ್ಬಿಯನ್ನ ಇಂಡಿಗೆ ಹೊತ್ತುಕೊಂಡು ಬಂದೆ. ಜಂಪರು ಬದಲಿಸಿ 100ಕ್ಕೆ ಇಟ್ರೆ ಪರದೆ ಕಪ್ಪು. ರ‍್ಯಾಮು 66ರದ್ದು, ತಡಕೊಳ್ಳಲಿಲ್ಲ. 83ಕ್ಕೆ ಇಟ್ಟೆ. ಬಂತು! ನಾನು ಆಸೆಬುರುಕ ಅಲ್ಲ ನೋಡಿ, ಜನ 450ಕ್ಕೆ ಓಡಿಸ್ತಾರೆ, ನನಗೆ 375 ಸಾಕು, ಮಧ್ಯಮ ಮಾರ್ಗ ಅಂದುಕೊಂಡೆ. ಬೆಳಗಿನ ಜಾವ ಐದು ಗಂಟೆಗೆ, ಕಿಟಕಿ ತೆರೆದಿಟ್ಟು, ಸೂಪರ್ ಪೈ ಓಡಿಸಿ ಪರೀಕ್ಷೆ ಮಾಡಿದೆ. (ಪೈ ಸಂಖ್ಯೆಯ ದಶಮಾಂಶಗಳನ್ನ ಲಕ್ಷಗಟ್ಟಲೆ ಲೆಕ್ಕ ಹಾಕೋ ತಂತ್ರಾಂಶ ಇದು. 1995ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಯಾಸುಮಾಸಾ ಕನಾಡಾ ಅನ್ನೋ ಪ್ರೊಫೆಸರರ ಪ್ರಯೋಗಾಲಯದಿಂದ ಬಂದದ್ದು. ಹೆಸರು ಕೇಳಿ ನಮ್ಮವರೇ ಇರಬೇಕು ಅಂತ ನಾನು ಬಹಳ ದಿನ ಖುಷಿಪಟ್ಟಿದ್ದೆ.) ತಪ್ಪಿಲ್ಲದೆ ಮುಗೀತು. ಪೆನ್ಸಿಲ್ ತಗೊಂಡು "ಓಕೆ" ಅಂತ ಬರೆದೆ.

ಸೋಮವಾರ ಅಂಗಡಿಯಲ್ಲಿ ಮಾಮಾ ಕುಣಿದಾಡಿದ. "ನಮ್ಮ ಅಳಿಯ ಭಾಳ ಶ್ಯಾಣ್ಯಾ ಆಗ್ಯಾನ" ಅಂತ ಬಂದವರಿಗೆಲ್ಲ ಹೇಳಿ, ನನಗೆ ಮಿರ್ಚಿ ಭಜಿ ತರಿಸಿದ.

ಈಗ ಮಾಸ್ತರರ ವಿಷಯ. ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯವರು, ಪ್ರಾಥಮಿಕ ಶಾಲೆಯ ನಿವೃತ್ತ ಮಾಸ್ತರರು, ಮಾಮಾನಿಗೆ ಸಣ್ಣವನಿದ್ದಾಗ ಕಲಿಸಿದವರು. ತಮ್ಮ ತಾಯಿ ಮತ್ತು ಓಣಿಯ ಹೆಣ್ಣುಮಕ್ಕಳು ಹಾಡ್ತಿದ್ದ ಬೀಸುವ ಪದ, ಸೋಬಾನ ಪದಗಳನ್ನ ನಾಲ್ಕು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ರು. ಪುಸ್ತಕ ಮಾಡೋ ಆಸೆ. ಪ್ರತಿ ಶನಿವಾರ ತಾಳಿಕೋಟಿ ಮೇಲೆ ಬಸ್ಸು ಹಿಡಿದು ಬರೋರು, ಸ್ಟೂಲಿನ ಮೇಲೆ ಕೂತು ಓದಿ ಹೇಳೋರು, ನಾನು ಟೈಪ್ ಮಾಡೋದು. ಒಂದು ನೋಟ್‌ಬುಕ್ಕು ಮುಗಿದ ಕೂಡಲೇ "ಇನ್ನ ಇದು ಕಂಪ್ಯೂಟರ್‌ನ್ಯಾಗ ಬಂತಲ್ಲ" ಅಂತ ಸಮಾಧಾನದಿಂದ ಚೀಲಕ್ಕೆ ಹಾಕಿಕೊಳ್ಳೋರು. ಆ ಸಮಾಧಾನದಲ್ಲೇ ಮೂರನೇ ನೋಟ್‌ಬುಕ್ಕನ್ನ ಯಾರೋ ಓದೋಕೆ ಕೇಳಿದ್ರು ಅಂತ ಕೊಟ್ಟರು. ಅದು ತಿರುಗಿ ಬರಲೇ ಇಲ್ಲ.

ಮೇ ತಿಂಗಳು. ಪತ್ರಾಸಿನ ಕೆಳಗೆ ಮಧ್ಯಾಹ್ನ ಮೌಸು ಕೂಡ ಬಿಸಿ. ಮೊದಲು ಕಂಡದ್ದು ಸಣ್ಣ ಸಣ್ಣದು. ನಿನ್ನೆ ಸರಿಯಾಗಿ ಟೈಪ್ ಮಾಡಿದ್ದ ಪದದಲ್ಲಿ ಇವತ್ತು ಒಂದು ಒತ್ತಕ್ಷರ ಬೇರೆ. ನಾನೇ ತಪ್ಪು ಹೊಡೆದಿರಬೇಕು ಅಂತ ತಿದ್ದಿದೆ. ಆಗಿನ ಕನ್ನಡ ಯೂನಿಕೋಡ್ ಅಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ಫಾಂಟಿನೊಳಗೆ ಒಂದೊಂದು ಬೈಟಿಗೆ ಅಕ್ಷರದ ಒಂದೊಂದು ತುಂಡು, ಒಂದು ಬಿಟ್ ಉಲ್ಟಾ ಆದ್ರೆ ಆ ತುಂಡು ಹೋಗಿ ಇನ್ಯಾವುದೋ ತುಂಡು. ಇಂಗ್ಲಿಷಿನಲ್ಲಾದ್ರೆ ತಕ್ಷಣ ಕಣ್ಣಿಗೆ ಹೊಡೆಯುತ್ತೆ. ನಮ್ಮ ಜಾನಪದ ಹಾಡಿನಲ್ಲಿ? ಅದು ಮುದ್ದೇಬಿಹಾಳದ ಕಡೆಯ ಮಾತೋ, ಕಂಪ್ಯೂಟರಿನ ಮಾತೋ, ಯಾರಿಗೆ ಗೊತ್ತು! "ಸರ್ರ, ಇದು ಹಿಂಗ ಐತೇನ್ರಿ?" ಅಂತ ಕೇಳಿದ್ರೆ ಮಾಸ್ತರರೂ ಕನ್ನಡಕ ಸರಿಮಾಡಿಕೊಂಡು "ಇರಬಹುದೋ ತಮ್ಮಾ" ಅನ್ನೋರು.

ಆಮೇಲೆ ಒಂದು ದಿನ ಯಂತ್ರ ಹ್ಯಾಂಗ್ ಆಯ್ತು. ಮತ್ತೆ ಚಾಲೂ ಮಾಡಿದಾಗ ಆ ನೀಲಿ ಪರದೆಯ ಸ್ಕ್ಯಾನ್‌ಡಿಸ್ಕ್ ಬಂದು, ತಪ್ಪುಗಳಿವೆ, ಸರಿ ಮಾಡಲೇ ಅಂತ ಕೇಳಿತು. ಹೂಂ ಅಂದೆ. ಇನ್ನೊಂದು, ಹೂಂ. ಮತ್ತೊಂದು, ಹೂಂ. ಮುಗಿದ ಮೇಲೆ ನೋಡ್ತೀನಿ, ಮೂರನೇ ನೋಟ್‌ಬುಕ್ಕಿನ ಫೈಲು ತೆರೆಯಲಿಲ್ಲ. ಡಿಸ್ಕಿನ ತುಂಬ ಫೈಲ್0000.ಸಿಎಚ್‌ಕೆ, ಫೈಲ್0001.ಸಿಎಚ್‌ಕೆ... ಫ್ಲಾಪಿಯಲ್ಲಿ ಪ್ರತಿ ಇತ್ತು. ಅದನ್ನ ಮಾಡಿದ್ದೂ ಇದೇ ಯಂತ್ರದಲ್ಲಿ, ಕೆಟ್ಟದ್ದನ್ನೇ ನಂಬಿಕೆಯಿಂದ ನಕಲು ಮಾಡಿ ಇಟ್ಟುಕೊಂಡಿದ್ದೆ. ಇದ್ದ ಬದ್ದ ಪ್ರಿಂಟೆಲ್ಲ ಕೂಡಿಸಿ ನೋಡಿದಾಗ 140 ಪುಟದಲ್ಲಿ ಹನ್ನೊಂದು ಪುಟ ಎಲ್ಲೂ ಇಲ್ಲ.

"ವೈರಸ್ ಬಂದಿತ್ರೀ ಸರ್ರ" ಅಂದ ಮಾಮಾ. ಅವನಿಗೆ ಹಾಗೆ ಹೇಳಿದ್ದು ನಾನು. ಮಾಸ್ತರರು ಒಂದಿಷ್ಟು ಹೊತ್ತು ಸುಮ್ಮನೆ ಕೂತಿದ್ದು, "ಹೋಗ್ಲಿ ಬಿಡು, ಯಾರೇನ್ ಮಾಡಾಕ ಆಗ್ತೈತಿ" ಅಂದು ಮಜ್ಜಿಗೆ ಕುಡಿದು ಬಸ್ಸಿಗೆ ಹೋದ್ರು. ಆ ರಾತ್ರಿ ಜಂಪರನ್ನ 66ಕ್ಕೆ ವಾಪಸ್ ಹಾಕಿದೆ. ಆಮೇಲೆ ಒಂದೂ ಅಕ್ಷರ ಹಾರಲಿಲ್ಲ. ಗೊತ್ತಾಗಬೇಕಾದ್ದು ಗೊತ್ತಾಯ್ತು, ಬಾಯಿ ಮಾತ್ರ ಬಿಡಲಿಲ್ಲ.

ಹೇಗೆ ಆಯ್ತು ಅನ್ನೋದರ ಪೂರ್ತಿ ಲೆಕ್ಕ ಸಿಕ್ಕಿದ್ದು ನಾಲ್ಕು ವರ್ಷದ ನಂತರ. ಹಾರ್ಡ್ ಡಿಸ್ಕು ಮಾತಾಡೋದು ಪಿಸಿಐ ಅನ್ನೋ ದಾರಿಯ ಮೇಲೆ. ಆ ದಾರಿಯ ಬಡಿತ 33 ಮೆಗಾಹರ್ಟ್ಸ್ ಇರಬೇಕು, ಮತ್ತೆ ಅದನ್ನ ಬೋರ್ಡಿನ ಬಡಿತದಿಂದಲೇ ಭಾಗಿಸಿ ತೆಗೀತಾರೆ. ಬೋರ್ಡು 66 ಇದ್ದಾಗ ಎರಡರಿಂದ ಭಾಗಿಸಿದ್ರೆ 33. ಬೋರ್ಡು 100 ಆದ್ರೆ ಮೂರರಿಂದ ಭಾಗಿಸ್ತಾರೆ, ಮತ್ತೆ 33! ಅಂದ್ರೆ 450ಕ್ಕೆ ಓಡಿಸಿದ ಆಸೆಬುರುಕರ ಡಿಸ್ಕು ಕ್ಷೇಮ. 83ಕ್ಕೆ ಮಾತ್ರ ಭಾಗಾಕಾರ ಇನ್ನೂ ಎರಡರದ್ದೇ. 41.6. ನನ್ನ ಮಧ್ಯಮ ಮಾರ್ಗದಲ್ಲಿ ಪ್ರೊಸೆಸರು, ರ‍್ಯಾಮು, ಡಿಸ್ಕಿನ ದಾರಿ ಮೂರಕ್ಕೂ ಒಟ್ಟಿಗೇ ಬಾರಕೋಲು ಬಿದ್ದಿತ್ತು. ನಾನು ಪರೀಕ್ಷೆ ಮಾಡಿದ್ದು ಪ್ರೊಸೆಸರನ್ನ, ಅದೂ ತಂಪು ಹೊತ್ತಿನಲ್ಲಿ. ಯಾವ ಫೈಲು ಡಿಸ್ಕಿನ ಎಲ್ಲೆಲ್ಲಿ ಹರಡಿದೆ ಅಂತ ಬರೆದಿಡೋ ಪಟ್ಟಿಯಲ್ಲೇ ತಪ್ಪು ಬಿದ್ದರೆ, ಹೊಲದ ಉತಾರದಲ್ಲಿ ಸರ್ವೇ ನಂಬರು ತಪ್ಪಿದ ಹಾಗೆ. ಹೊಲ ಅಲ್ಲೇ ಇರುತ್ತೆ, ನಿಮ್ಮದಾಗಿ ಇರೋಲ್ಲ.

ಪದವಿ ಮುಗಿದು ಕೆಲಸ ಸಿಗದೇ ಇದ್ದ ಮೂರು ವರ್ಷ, 2002ರಿಂದ 2005ರವರೆಗೆ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕು ಬಸ್ಸಿನಲ್ಲಿ ಸುತ್ತಿ ಕಂಪ್ಯೂಟರ್ ರಿಪೇರಿ ಮಾಡಿದೆ. ಆಗ ಗೊತ್ತಾಯ್ತು ನಾನೊಬ್ಬನೇ ಪಾಪಿ ಅಲ್ಲ ಅಂತ. ಬಾಗೇವಾಡಿಯ ಒಂದು ಸೈಬರ್ ಸೆಂಟರಿನಲ್ಲಿ ಒಂದು ಯಂತ್ರ ಮಧ್ಯಾಹ್ನ ಎರಡರ ಸುಮಾರಿಗೆ ದಿನಾ ನಿಲ್ಲೋದು. ಮಾಲಕ ಪಾಪ ಅದಕ್ಕೆ "ಊಟದ ಮಷಿನ್ನು" ಅಂತ ಹೆಸರಿಟ್ಟು ಆ ಹೊತ್ತಿಗೆ ಗಿರಾಕಿಗಳನ್ನ ಕೂಡಿಸೋದೇ ಬಿಟ್ಟಿದ್ದ. ಬಿಚ್ಚಿ ನೋಡಿದ್ರೆ ಬಿಲ್ಲಿನಲ್ಲಿ ಬರೆದ ವೇಗ ಒಂದು, ಚಿಪ್ಪಿನ ಮೇಲಿನದು ಇನ್ನೊಂದು, ಮಾರಿದವರೇ ಬಡಿತ ಏರಿಸಿ ಕೊಟ್ಟಿದ್ರು. ಮುದ್ದೇಬಿಹಾಳದಲ್ಲಿ ಒಬ್ಬ ಹುಡುಗ ಎಎಂಡಿ ಡ್ಯೂರಾನ್ ಚಿಪ್ಪಿನ ಮೇಲಿದ್ದ ಸಣ್ಣ ಸಣ್ಣ ಸೇತುವೆಗಳನ್ನ ಪೆನ್ಸಿಲ್ಲಿನ ಸೀಸದಿಂದ ಜೋಡಿಸಿ ಗುಣಕದ ಬೀಗ ಮುರಿದಿದ್ದ. ಅದು ಜಗತ್ಪ್ರಸಿದ್ಧ ಉಪಾಯ, ನಿಜವಾಗಿಯೂ ನಡೀತಿತ್ತು. ಆಮೇಲೆ ಫ್ಯಾನು ಕೂಡಿಸುವಾಗ ಒತ್ತಿ ಚಿಪ್ಪಿನ ಮೂಲೆ ಚಿಟಕಿಸಿ ಕೂತಿದ್ದ. ಅಂಥ ಬರಿಮೈ ಚಿಪ್ಪುಗಳಿಗೆ ಅದೂ ಒಂದು ಸಾವು.

ಬಿಸಿಯಿಂದ ಸಾಯೋದಕ್ಕೆ ಒಂದು ಪ್ರಸಿದ್ಧ ಪ್ರಸಂಗ ಇದೆ. 2001ರ ಸೆಪ್ಟೆಂಬರ್‌ನಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ಓಡ್ತಾ ಇರೋ ಪ್ರೊಸೆಸರುಗಳ ತಲೆಯ ಮೇಲಿನ ಹೀಟ್‌ಸಿಂಕ್ ಕಿತ್ತು ವಿಡಿಯೋ ಮಾಡಿದ್ರು. ಪೆಂಟಿಯಮ್ ಫೋರ್ ತಾನೇ ನಿಧಾನ ಆಯ್ತು, ಪೆಂಟಿಯಮ್ ತ್ರೀ ಹ್ಯಾಂಗ್ ಆಯ್ತು, ಎಎಂಡಿ ಅಥ್ಲಾನುಗಳಿಂದ ಹೊಗೆ ಬಂತು! ವೇಗ ಏರಿಸಿದ್ರೆ ಬಿಸಿ ಏರುತ್ತೆ, ವೋಲ್ಟೇಜು ಏರಿಸಿದ್ರೆ ಅದಕ್ಕಿಂತ ಜೋರಾಗಿ ಏರುತ್ತೆ, ಯಾಕಂದ್ರೆ ವಿದ್ಯುತ್ತಿನ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. ವೇಗ ನೂರಕ್ಕೆ 25, ವೋಲ್ಟೇಜು ನೂರಕ್ಕೆ 10 ಏರಿಸಿದ್ರೆ 1.25 × 1.21, ಹತ್ತಿರ ಹತ್ತಿರ ಒಂದೂವರೆ ಪಟ್ಟು ಶಾಖ.

ಇನ್ನೊಂದು ನಿಧಾನದ ಸಾವು. 2002ರಲ್ಲಿ ಬಂದ ನಾರ್ತ್‌ವುಡ್ ಪೆಂಟಿಯಮ್ ಫೋರುಗಳಿಗೆ ಸಹಜ ವೋಲ್ಟೇಜು 1.5ರ ಸುಮಾರು. ಹುಡುಗರು 1.7 ದಾಟಿಸಿದ್ರು. ಕೆಲವು ವಾರ ಕುದುರೆ ಹಾಗೆ ಓಡಿ, ಒಂದು ಬೆಳಿಗ್ಗೆ ಏಳಲೇ ಇಲ್ಲ. "ನಾರ್ತ್‌ವುಡ್ ದಿಢೀರ್ ಸಾವು" ಅಂತಲೇ ಇಂಗ್ಲಿಷಿನಲ್ಲಿ ಹೆಸರು ಬಿತ್ತು. ಎಲೆಕ್ಟ್ರಾನುಗಳ ಹರಿವು ತಂತಿಯ ಲೋಹದ ಕಣಗಳನ್ನೇ ತಳ್ಳಿಕೊಂಡು ಹೋಗೋದನ್ನ ಎಲೆಕ್ಟ್ರೋಮೈಗ್ರೇಷನ್ ಅಂತಾರೆ, ಕಾಲುವೆಯ ನೀರು ದಂಡೆ ಕೊರೆದ ಹಾಗೆ. ಬಹಳ ಜನ ಹೇಳೋ ಕಾರಣ ಅದು. ಮೋಟೊರೋಲಾದ ಜೇಮ್ಸ್ ಬ್ಲ್ಯಾಕ್ ಅನ್ನೋರು ಇದರ ಲೆಕ್ಕವನ್ನ 1969ರ ಹೊತ್ತಿಗೇ ಹಾಕಿಟ್ಟಿದ್ರು: ಕರೆಂಟಿನ ಸಾಂದ್ರತೆ, ಬಿಸಿ, ಎರಡೂ ಏರಿದಂತೆ ಆಯುಷ್ಯ ಇಳಿಯುತ್ತೆ.

ಆದ್ರೆ ಸುಟ್ಟ ಯಂತ್ರದಿಂದ ಅಂಥಾ ಅಪಾಯ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ದುಡ್ಡು ಹೋಗುತ್ತೆ, ಬಯ್ಯಿಸಿಕೊಳ್ತೀವಿ, ಮುಗೀತು. ಸರಿ ಇದ್ದ ಹಾಗೆ ಕಾಣೋ ಯಂತ್ರವೇ ಹೆಚ್ಚು ಅಪಾಯದ್ದು.

ಕಂಪನಿಗಳೇ ಈ ಗುಂಡಿಗೆ ಬಿದ್ದ ಕಥೆ ಕೇಳಿ. 2000ದ ಮಾರ್ಚ್‌ನಲ್ಲಿ ಒಂದು ಗಿಗಾಹರ್ಟ್ಸ್ ಗೆರೆಯನ್ನ ಎಎಂಡಿ ಮೊದಲು ಮುಟ್ಟಿತು, ಇಂಟೆಲ್ ಎರಡೇ ದಿನ ಹಿಂದೆ. ಸಿಟ್ಟಿಗೆ ಬಿದ್ದವರ ಹಾಗೆ ಇಂಟೆಲ್‌ನವರು ಜುಲೈ ಕೊನೆಗೆ 1.13 ಗಿಗಾಹರ್ಟ್ಸಿನ ಪೆಂಟಿಯಮ್ ತ್ರೀ ಬಿಟ್ಟರು. ಟಾಮ್ಸ್ ಹಾರ್ಡ್‌ವೇರ್‌ನ ಥಾಮಸ್ ಪಾಬ್ಸ್ಟ್ ಅದನ್ನ ಪರೀಕ್ಷೆ ಮಾಡಿ, ಇದು ಸ್ಥಿರವಾಗಿಲ್ಲ, ಲಿನಕ್ಸ್ ಕರ್ನಲ್ ಕಂಪೈಲ್ ಮಾಡೋಕೆ ಹೋದ್ರೆ ಅರ್ಧಕ್ಕೆ ಬೀಳುತ್ತೆ ಅಂತ ಬರೆದ್ರು. ಹಾರ್ಡ್‌ಓಸಿಪಿಯ ಕೈಲ್ ಬೆನೆಟ್ ಕೂಡ ಅದೇ ಕಂಡರು. ತಿಂಗಳು ತುಂಬೋದರೊಳಗೆ, ಆಗಸ್ಟ್ 28ಕ್ಕೆ, ಇಂಟೆಲ್ ಆ ಚಿಪ್ಪನ್ನ ವಾಪಸ್ ಕರೆಸಿಕೊಂಡಿತು. ಅಲ್ಲಿಗೆ ಕಾರ್ಖಾನೆಯೇ ಮಿಗತೆ ತಿಂದಿತ್ತು. ಈ ಸುದ್ದಿ ಬಂದ ಏಳೆಂಟು ತಿಂಗಳ ಮೇಲೆ ನಾನು ಪೆನ್ಸಿಲ್ ಹಿಡಿದದ್ದು. ಓದಿರಲಿಲ್ಲ ಅನ್ನಲಾರೆ. ಓದಿ ನಕ್ಕಿದ್ದೆ.

ನನ್ನ ಬಾಗೇವಾಡಿಯ "ಊಟದ ಮಷಿನ್" ಕಥೆಗೆ ಅಣ್ಣನಂಥದ್ದು ಮೈಕ್ರೋಸಾಫ್ಟಿನಿಂದ ಬಂತು. ರೇಮಂಡ್ ಚೆನ್ ಅಲ್ಲಿಯ ಹಳೇ ಎಂಜಿನಿಯರು, ಅವರೂ ನಮ್ಮ ಹಾಗೇ ಬ್ಲಾಗಿಗರು. 2005ರ ಏಪ್ರಿಲ್‌ನಲ್ಲಿ ಬರೆದ್ರು: ವಿಂಡೋಸ್ ಬಿದ್ದಾಗ ಬರೋ ವರದಿಗಳಲ್ಲಿ ಕೆಲವು ಅಸಾಧ್ಯ. ಒಂದು ರಿಜಿಸ್ಟರನ್ನ ಸೊನ್ನೆ ಮಾಡು ಅನ್ನೋ ಸೂಚನೆಯ ಮೇಲೆ ಬಿದ್ದಿದೆ, ಮೆಮೊರಿಯನ್ನೇ ಮುಟ್ಟದ ಸೂಚನೆ ಅದು, ಬೀಳೋಕೆ ಕಾರಣವೇ ಇಲ್ಲ. ಆ ಗಿರಾಕಿಗಳನ್ನ ಹುಡುಕಿ ಕೇಳಿದಾಗ ಬಹಳಷ್ಟು ಓವರ್‌ಕ್ಲಾಕ್ ಮಾಡಿದ ಯಂತ್ರಗಳು ಅಂತ ಗೊತ್ತಾಯ್ತು. ಕೆಲವರಿಗಂತೂ ತಮ್ಮ ಯಂತ್ರ ಹಾಗಿದೆ ಅಂತಲೇ ಗೊತ್ತಿರಲಿಲ್ಲ, ಅಂಗಡಿಯವರೇ ಮಾಡಿ ಮಾರಿದ್ರು. ಸಿಯಾಟಲ್ ಆದ್ರೇನು, ಬಾಗೇವಾಡಿ ಆದ್ರೇನು! 2011ರಲ್ಲಿ ಅದೇ ಕಂಪನಿಯ ಸಂಶೋಧಕರು ಹತ್ತು ಲಕ್ಷದಷ್ಟು ಪಿಸಿಗಳ ವರದಿ ಜಾಲಾಡಿದಾಗಲೂ ಕಂಡದ್ದು ಅದೇ, ಬಡಿತ ಏರಿಸಿದ ಯಂತ್ರಗಳು ಹೆಚ್ಚು ಬೀಳುತ್ತವೆ. ಒಂದು ಸಲ ಬಿದ್ದದ್ದು ಮತ್ತೆ ಬೀಳೋ ಸಾಧ್ಯತೆ ಇನ್ನೂ ಹೆಚ್ಚು.

2008ರಲ್ಲಿ ನಾನು ಬೆಂಗಳೂರಿಗೆ ಬಂದಿದ್ದೆ. ಆ ವರ್ಷವೇ ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ ವಿನ್ಯಾಸಗೊಂಡ ಆರು ಕೋರಿನ ಜಿಯಾನ್ 7400 ಹೊರಬಂತು, 190 ಕೋಟಿ ಟ್ರಾನ್ಸಿಸ್ಟರು, ಮಾಮಾನ ಸೆಲೆರಾನಿನ ನೂರು ಪಟ್ಟು. ನನಗೆ ಹೆಮ್ಮೆ ಆದದ್ದು ನಿಜ. ಅಂಥ ಸರ್ವರುಗಳಲ್ಲಿ ಯಾರೂ ಬಾರಕೋಲು ಹಿಡಿಯೋಲ್ಲ, ರ‍್ಯಾಮಿನಲ್ಲಿ ಒಂದು ಬಿಟ್ ತಪ್ಪಿದ್ರೆ ತಾನೇ ತಿದ್ದಿಕೊಳ್ಳೋ ವ್ಯವಸ್ಥೆ ಇರುತ್ತೆ. ಆದ್ರೂ ಲೆಕ್ಕ ತಪ್ಪುತ್ತೆ! 2021ರಲ್ಲಿ ಫೇಸ್‌ಬುಕ್‌ನವರು ತಮ್ಮ ಸರ್ವರೊಂದರ ಕಥೆ ಪ್ರಕಟಿಸಿದ್ರು. 1.1ನ್ನ 53 ಸಲ ಗುಣಿಸಿ ಪೂರ್ಣಾಂಕ ಕೊಡು ಅಂದ್ರೆ ಉತ್ತರ 156 ಬರಬೇಕು. ಒಂದು ಕೋರು ಮಾತ್ರ ಸೊನ್ನೆ ಅಂತಿತ್ತು. ಉಳಿದ ಎಷ್ಟೋ ಲೆಕ್ಕ ಸರಿಯಾಗಿಯೇ ಮಾಡ್ತಿತ್ತು. ಆ ಸೊನ್ನೆಯಿಂದಾಗಿ ಫೈಲುಗಳು ಖಾಲಿ ಅಂತ ತಿಳಿದು ಮಾಯ ಆಗ್ತಿದ್ವು. ಇದನ್ನ ಓದಿದ ದಿನ ನನಗೆ ಮೂರನೇ ನೋಟ್‌ಬುಕ್ಕು ನೆನಪಾಗಿ ಊಟ ಸೇರಲಿಲ್ಲ.

ಈಗಂತೂ ಬಾರಕೋಲು ಗಾಡಿಯ ಜೊತೆಗೇ ಬರುತ್ತೆ. 2008ರ ಇಂಟೆಲ್ ಕೋರ್ ಐ7ನಿಂದ ಈಚೆಗೆ ಪ್ರೊಸೆಸರು ತಾನೇ ತಂಪು ನೋಡಿಕೊಂಡು ವೇಗ ಏರಿಸಿಕೊಳ್ಳುತ್ತೆ. ಮಿಗತೆಯಲ್ಲಿ ಬಹಳಷ್ಟನ್ನ ಕಾರ್ಖಾನೆಯೇ ಬಳಸಿಬಿಟ್ಟಿರುತ್ತೆ. ಅದರ ತುದಿ ಕಂಡದ್ದು 2024ರಲ್ಲಿ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಚಿಪ್ಪುಗಳು ಆಟ ಆಡುವಾಗ ಬೀಳತೊಡಗಿದ್ವು. ಪರದೆಯ ಮೇಲೆ ಬರ್ತಿದ್ದ ಸಂದೇಶ "ವಿಡಿಯೋ ಮೆಮೊರಿ ಸಾಲದು" ಅಂತ! ಜನ ಗ್ರಾಫಿಕ್ಸ್ ಕಾರ್ಡನ್ನ ಬೈದ್ರು. ಮದರ್‌ಬೋರ್ಡಿನವರು ಮಿತಿ ಸಡಿಲ ಬಿಟ್ಟಿದ್ದೇ ತಪ್ಪು ಅಂತ ಒಂದಿಷ್ಟು ದಿನ ಮಾತಾಯ್ತು. ಕೊನೆಗೆ ಚಿಪ್ಪೇ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜು ಕೇಳಿ ತಗೊಂಡು, ದಿನೇ ದಿನೇ ಒಳಗೇ ಸವೆದು, ಮೊದಲು ಸಾಕಾಗ್ತಿದ್ದ ವೋಲ್ಟೇಜು ಆಮೇಲೆ ಸಾಲದೇ ಹೋಗ್ತಿತ್ತು ಅಂತ ಕಂಪನಿ ಒಪ್ಪಿತು. ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಅನ್ನೋ ಮೈಕ್ರೋಕೋಡುಗಳು ಬಂದವು, ವಾರಂಟಿಗೆ ಎರಡು ವರ್ಷ ಸೇರಿಸಿದ್ರು. ಸವೆದದ್ದು ಮಾತ್ರ ತಿರುಗಿ ಬರೋಲ್ಲ. ಏನೂ ಮುಟ್ಟದ ಗಿರಾಕಿಯೂ ಓವರ್‌ಕ್ಲಾಕಿನ ಫಲ ಉಂಡ.

"ವಿಡಿಯೋ ಮೆಮೊರಿ ಸಾಲದು". "ವೈರಸ್ ಬಂದಿತ್ರೀ". ಸ್ಥಿರ ಇಲ್ಲದ ಯಂತ್ರದ ಸ್ವಭಾವವೇ ಹೀಗೆ, ತಪ್ಪು ಯಾವತ್ತೂ ಇನ್ನೊಬ್ಬರ ಹೆಸರಿನಲ್ಲಿ ಬರುತ್ತೆ.

ಮಾಸ್ತರರ ಪುಸ್ತಕ ಆಗಲಿಲ್ಲ. ಅವರು 2009ರಲ್ಲಿ ತೀರಿಕೊಂಡ್ರು. ಉಳಿದ 129 ಪುಟದ ಪ್ರಿಂಟು ಮಾಮಾನ ಟ್ರಂಕಿನಲ್ಲಿತ್ತು. ಯುಗಾದಿಯ ಮಾರನೇ ದಿನ ಡಬ್ಬಿಯನ್ನ ಗುಜರಿಯವನಿಗೆ ಕೊಟ್ಟೆ, ಪೆನ್ಸಿಲ್ ಬರಹದ ಆ ಪಕ್ಕದ ತಗಡು ಮಾತ್ರ ಇಟ್ಟುಕೊಂಡೆ. ಪ್ರಿಂಟು ತಗೊಂಡು ಮುದ್ದೇಬಿಹಾಳದಲ್ಲಿರೋ ಅವರ ಮಗಳ ಮನೆಗೆ ಹೋದೆ. ವೈರಸ್ ಬಂದಿರಲಿಲ್ಲ ಅಕ್ಕಾ, ನಾನೇ ಮಷಿನ್ನು ಜೋರ್ ಓಡಿಸಿ ಕೆಡಿಸಿದ್ದೆ ಅಂತ ಹೇಳಿದೆ. ಅವರಿಗೆ ಪಿಸಿಐ ಬಡಿತದ ಭಾಗಾಕಾರ ಎಷ್ಟು ತಿಳೀತೋ ಗೊತ್ತಿಲ್ಲ, ನಾನಂತೂ ಪೂರ್ತಿ ವಿವರಿಸಿದೆ.

ಅವರು ಪುಟ ತಿರುವಿ ತಿರುವಿ ನೋಡಿದ್ರು. "ಇದರಾಗ ಗಿರಿಜವ್ವನ ಪದ ಇಲ್ಲಲ್ಲೋ" ಅಂದ್ರು. ಅದು ಹೋದ ಹನ್ನೊಂದು ಪುಟದಲ್ಲಿತ್ತು. "ಅದು ನನಗ ಬರ್ತೈತಿ. ಅಮ್ಮ ಬೀಸುವಾಗ ಕೂತ ಕೇಳೀನಿ."

ಅಡಿಗೆಮನೆಯಲ್ಲೇ ಕೂತು ಹಾಡಿದ್ರು, ಮೊಬೈಲಿನಲ್ಲಿ ತುಂಬಿಕೊಂಡೆ. ಎರಡು ಪದ ಪೂರ್ತಿ ಬಂತು. ಮೂರನೆಯದು ಅರ್ಧಕ್ಕೆ ನಿಂತಿತು, ಮುಂದಿನ ನುಡಿ ಅವರ ಚಿಕ್ಕಮ್ಮನಿಗೆ ಬರಬಹುದಂತೆ, ಶ್ರಾವಣಕ್ಕೆ ಬಂದಾಗ ಕೇಳಿ ಇಡ್ತೀನಿ ಅಂದಿದಾರೆ. ಈಗ ರಾತ್ರಿ ಕೂತು ಟೈಪ್ ಮಾಡ್ತಿದ್ದೇನೆ, ಯೂನಿಕೋಡಿನಲ್ಲಿ. ಲ್ಯಾಪ್‌ಟಾಪು ಹಳೇದು, ನಿಧಾನ. ಪ್ರತಿ ಪುಟ ಮುಗಿದ ಮೇಲೆ ಒಂದು ಪ್ರಿಂಟು ತೆಗೆದು ಓದಿ ನೋಡ್ತೀನಿ.